ತಲೆ ಯಾರದೋ, ಕಾಲು ಯಾರದೋ

ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ಕಣ್ಣು ಮುಚ್ಚುವುದರಲ್ಲಿದ್ದೆವು. ನಮ್ಮ ತಮ್ಮನ ಮಗಳು ತನ್ನ ಆಟದ ಯಂತ್ರವನ್ನು ನಮ್ಮ ಮುಖದೆದುರಿಗೆ ಹಿಡಿದು, “ದೊಡ್ಡಪ್ಪ, ಇದಕ್ಕೆ ನೀರೊಳಗೆ ಮಾತ್ರ ಉಸಿರಾಡೋಕೆ ಬರುತ್ತಂತೆ. ಕಾಲು ನೋಡಿದರೆ ಓಡೋ ಕಾಲು! ಪಾಪ, ಬದುಕಿದ್ದಾದರೂ ಹೇಗೆ?” ಎಂದು ಕೇಳಿದಳು. ನೋಡುತ್ತೇವೆ: ಒಂದು ದೊಡ್ಡ ಮೀನಿನ ತಲೆ, ಅದರ ಕೆಳಗೆ ಘಟಸರ್ಪದ ಎರಡು ದಪ್ಪ ಕಾಲುಗಳು. ಹೆಸರು ಡ್ರಾಕೋವಿಶ್. ನಮ್ಮ ತಾಯಿಯವರು ಕನ್ನಡಕ ಸರಿಮಾಡಿಕೊಂಡು ಇಣುಕಿ ನೋಡಿ, “ಮತ್ಸ್ಯಾವತಾರ ಅರ್ಧಕ್ಕೇ ನಿಂತುಹೋಗಿದೆ” ಎಂದರು.

ಪೋಕೆಮಾನ್ ಎಂಬ ಜಪಾನೀ ಆಟದ ಹೆಸರು ಮಕ್ಕಳಿರುವ ಮನೆಗಳಿಗೆ ಹೊಸದಲ್ಲ. ೧೯೯೬ರಲ್ಲಿ ಹುಟ್ಟಿದ ಈ ಆಟದಲ್ಲಿ ಆಡುವವರು ಊರೂರು ತಿರುಗಿ ಬಗೆಬಗೆಯ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಒಂದರೊಡನೊಂದನ್ನು ಸೆಣಸಾಡಿಸುತ್ತಾರೆ. ನೆಲದಲ್ಲಿ ಸಿಕ್ಕ ಪಳೆಯುಳಿಕೆಯಿಂದ ಅಳಿದುಹೋದ ಪ್ರಾಣಿಯನ್ನು ಮತ್ತೆ ಎಬ್ಬಿಸುವ ಪ್ರಸಂಗ ಮೊದಲ ಆಟದಿಂದಲೂ ಇದೆ. ಅಲ್ಲೆಲ್ಲ ಲೆಕ್ಕ ಸರಳ: ಒಂದು ಪಳೆಯುಳಿಕೆ, ಒಂದು ಪ್ರಾಣಿ. ೨೦೧೯ರ ನವೆಂಬರಿನಲ್ಲಿ ಬಂದ ‘ಸ್ವೋರ್ಡ್’ ಮತ್ತು ‘ಶೀಲ್ಡ್’ ಎಂಬ ಜೋಡಿ ಆಟಗಳಲ್ಲಿ ಈ ಲೆಕ್ಕ ತಪ್ಪಿತು. ಅಲ್ಲಿ ಸಿಕ್ಕುವುದೆಲ್ಲ ಅರ್ಧರ್ಧ ಪಳೆಯುಳಿಕೆಗಳು: ಹಕ್ಕಿಯದೊಂದು, ಮೀನಿನದೊಂದು, ಇವೆರಡೂ ಮೇಲ್ಭಾಗ, ಘಟಸರ್ಪದ್ದೊಂದು, ಡೈನೋಸಾರಿನದೊಂದು, ಇವೆರಡೂ ಕೆಳಭಾಗ. ದಾರಿಯಲ್ಲಿ ಕಾದು ನಿಂತ ವಿಜ್ಞಾನಿಯಮ್ಮ ಒಬ್ಬಳು ಯಾವುದಾದರೂ ಮೇಲ್ಭಾಗಕ್ಕೆ ಯಾವುದಾದರೂ ಕೆಳಭಾಗವನ್ನು ಸೇರಿಸಿ ಜೀವ ಕೊಡುತ್ತಾಳೆ. ಆಕೆಯ ಹೆಸರು ಕಾರಾ ಲಿಸ್. ಬೇಗ ಬೇಗ ಹೇಳಿ ನೋಡಿ, ‘ಕೇರ್‌ಲೆಸ್’ ಎಂದೇ ಕಿವಿಗೆ ಬೀಳುತ್ತದೆ.

ಹೀಗೆ ಹುಟ್ಟುವ ಪ್ರಾಣಿಗಳು ನಾಲ್ಕು. ನಾಲ್ಕರಲ್ಲಿ ಒಂದಕ್ಕೂ ತನ್ನದೇ ಆದ ಪೂರ್ಣ ದೇಹವಿಲ್ಲ. ಆರ್ಕ್ಟೋವಿಶ್ ಎಂಬುದಕ್ಕೆ ಮೀನಿನ ತಲೆಯನ್ನು ಮಗುಚಿ ಅಂಟಿಸಿರುವುದರಿಂದ ಬಾಯಿ ನೆತ್ತಿಯ ಮೇಲಿದೆ. ಬೇಟೆಯನ್ನು ಮಂಜುಗಟ್ಟಿಸಿ ಹಿಡಿಯಬಲ್ಲುದು, ತಿನ್ನಲಾರದು. ಆರ್ಕ್ಟೋಜೋಲ್ಟ್ ಎಂಬುದಕ್ಕೆ ಸದಾ ನಡುಕ, ನಡೆಯುವುದೇ ಕಷ್ಟ. ನಮ್ಮ ಡ್ರಾಕೋವಿಶ್ ಗಂಟೆಗೆ ೪೦ ಮೈಲಿಗೂ ಮಿಕ್ಕಿ ಓಡೀತು, ಆದರೆ ನೀರಿನ ಹೊರಗೆ ಉಸಿರಿಲ್ಲ!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆಟದೊಳಗೆ ಪೋಕೆಡೆಕ್ಸ್ ಎಂಬ ಪ್ರಾಣಿಕೋಶವೊಂದಿದೆ. ಮಗುವಿನ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಅದನ್ನು ತೆರೆದು ಓದಿದೆವು. ಈ ಪ್ರಾಣಿಗಳು ಏಕೆ ಅಳಿದವು ಎಂಬುದಕ್ಕೆ ಅದು ಒಂದೊಂದಕ್ಕೂ ಒಂದೊಂದು ಕಾರಣ ಕೊಡುತ್ತದೆ. ಆರ್ಕ್ಟೋವಿಶ್ ಉಸಿರಾಟದ ತೊಂದರೆಯಿಂದ ಅಳಿಯಿತಂತೆ. ಆರ್ಕ್ಟೋಜೋಲ್ಟ್ ತೀರ ನಿಧಾನವಾದ್ದರಿಂದ ಅಳಿಯಿತಂತೆ. ಡ್ರಾಕೋಜೋಲ್ಟ್ ತನ್ನ ಸೊಪ್ಪುಸದೆಯನ್ನೆಲ್ಲ ತಿಂದು ಮುಗಿಸಿ ಅಳಿಯಿತಂತೆ. ಡ್ರಾಕೋವಿಶ್ ಮಿತಿಮೀರಿ ಬೇಟೆಯಾಡಿ ಕೆಟ್ಟಿತಂತೆ. ಜೋಡಿಸಿದವಳ ಕೈ ತಪ್ಪಿತೆಂಬ ಸಂಶಯ ಕೋಶ ಬರೆದವರಿಗೆ ಒಮ್ಮೆಯೂ ಬಂದಂತಿಲ್ಲ. ತಪ್ಪು ಬದುಕಿರುವವರದು, ಅಪವಾದ ಸತ್ತ ಪ್ರಾಣಿಯ ತಲೆಯ ಮೇಲೆ. ಆ ತಲೆಯೂ ಅದರದಲ್ಲ!

ಪ್ರಾಣಿಗಳನ್ನು ಕೂಡಿಸುವುದು ನಮಗೇನೂ ಹೊಸದಲ್ಲ. ಒಂದು ಮೈಗೆ ಎರಡು ತಲೆಯ ಗಂಡಭೇರುಂಡ ನಮ್ಮ ನಾಡಿನ ಲಾಂಛನದಲ್ಲಿದೆ. ಹಳೇಬೀಡಿನ ಗೋಡೆಯ ಮಕರದಲ್ಲಿ ಎಷ್ಟು ಪ್ರಾಣಿಗಳ ಅಂಗಗಳಿವೆಯೆಂದು ಎಣಿಸುತ್ತ ನಿಂತವರು ನಮ್ಮಲ್ಲಿ ಅನೇಕರಿರಬಹುದು. ಆದರೆ ಆ ಶಿಲ್ಪಿಗಳು ಇದು ನೆಲ ಅಗೆದಾಗ ಸಿಕ್ಕಿತೆಂದು ಯಾರಿಗೂ ಹೇಳಲಿಲ್ಲ.

ಹೇಳಿದವರು ಬೇರೆ. ಈ ಆಟದ ಗಲಾರ್ ಎಂಬ ಸೀಮೆ ಬ್ರಿಟನ್ ದ್ವೀಪದ ಮಾದರಿಯದು. ಡೈನೋಸಾರು ಎಂಬ ಪ್ರಾಣಿವರ್ಗಕ್ಕೆ ಹೆಸರು ಬಿದ್ದುದೂ ಆ ದೇಶದಲ್ಲಿಯೇ, ೧೮೪೨ರಲ್ಲಿ. ಹೆಸರಿಟ್ಟವನು ರಿಚರ್ಡ್ ಓವನ್. ಅದಕ್ಕೂ ಮೊದಲೇ, ೧೮೨೫ರಲ್ಲಿ, ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯನು ಸಸೆಕ್ಸ್ ಪ್ರಾಂತದ ಕೆಲವು ಹಲ್ಲುಗಳನ್ನು ನೋಡಿ ಇಗ್ವಾನೊಡಾನ್ ಎಂಬ ಪ್ರಾಣಿಯನ್ನು ಲೋಕಕ್ಕೆ ತಿಳಿಸಿದ್ದನು. ಹಲ್ಲುಗಳು ಇಗ್ವಾನಾ ಎಂಬ ಓತಿಯ ಹಲ್ಲನ್ನು ಹೋಲುತ್ತಿದ್ದುದರಿಂದ ಆ ಹೆಸರು. ಆಮೇಲೆ ದೊರೆತ ಮೂಳೆಗಳಲ್ಲಿ ಮೊನಚಾದ ಒಂದಿತ್ತು. ಅದನ್ನೆಲ್ಲಿಡುವುದು? ಘೇಂಡಾಮೃಗದ ಕೊಂಬಿನಂತೆ ಮೂಗಿನ ಮೇಲಿಟ್ಟದ್ದಾಯಿತು.

೧೮೫೪ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ತೋಟಕ್ಕಾಗಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಈ ಪ್ರಾಣಿಗಳನ್ನು ಅವುಗಳ ನಿಜವಾದ ಗಾತ್ರದಲ್ಲಿಯೇ ಕಟ್ಟಿ ನಿಲ್ಲಿಸಿದನು. ಅದಕ್ಕೆ ಮುಂಚೆ, ೧೮೫೩ರ ಡಿಸೆಂಬರ್ ೩೧ರ ರಾತ್ರಿ, ಇಗ್ವಾನೊಡಾನಿನ ಅಚ್ಚಿನೊಳಗೆ ಮೇಜು ಹಾಕಿ ದೊಡ್ಡ ಮನುಷ್ಯರಿಗೆ ಔತಣ ಬಡಿಸಿದರು. ತಲೆಯ ಭಾಗದಲ್ಲಿ ಕುಳಿತವನು ಓವನ್. ಆ ರಾತ್ರಿ ಊಟಕ್ಕೆ ಕುಳಿತವರಲ್ಲಿ ಎಷ್ಟು ಜನಕ್ಕೆ ಮೂಗಿನ ಮೇಲಿನ ಕೊಂಬಿನ ವಿಷಯದಲ್ಲಿ ಅನುಮಾನವಿತ್ತೋ!

ಉತ್ತರ ಬಂದದ್ದು ೧೮೭೮ರಲ್ಲಿ. ಬೆಲ್ಜಿಯಮಿನ ಬರ್ನಿಸಾರ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ, ಮುನ್ನೂರು ಮೀಟರಿಗೂ ಆಳದಲ್ಲಿ, ಮೂವತ್ತಕ್ಕೂ ಹೆಚ್ಚು ಇಗ್ವಾನೊಡಾನುಗಳ ಮೂಳೆಗಳು ಸಿಕ್ಕಿದವು. ಎಷ್ಟೋ ಅಸ್ಥಿಪಂಜರಗಳು ಇಡಿಯಾಗಿಯೇ ಇದ್ದವು. ಕೊಂಬೆಂದು ತಿಳಿದದ್ದು ಹೆಬ್ಬೆರಳಿನ ಮೊನೆ! ಅಮೆರಿಕದಲ್ಲಿ ಎಡ್ವರ್ಡ್ ಕೋಪ್ ಎಂಬ ಪಂಡಿತನದು ಇನ್ನೂ ಪೇಚಿನ ಕಥೆ. ಎಲಾಸ್ಮೊಸಾರಸ್ ಎಂಬ ಕಡಲ ಪ್ರಾಣಿಯ ತಲೆಯನ್ನು ಅವನು ಬಾಲದ ತುದಿಗೆ ಜೋಡಿಸಿಬಿಟ್ಟನು. ೧೮೭೦ರಲ್ಲಿ ಜೋಸೆಫ್ ಲೈಡಿ ತಪ್ಪನ್ನು ತೋರಿಸಿಕೊಟ್ಟ ಮೇಲೆ, ಅಚ್ಚಾಗಿ ಹೋಗಿದ್ದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಹೆಣಗಿದನು. ಪತ್ರಿಕೆ ನಡೆಸುವ ನಮಗೆ ಆ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟನ್ನೂ ಹೇಳಿದ ಮೇಲೆ ಹುಡುಗಿ, “ಹಾಗಾದರೆ ಬೇರೆ ಬೇರೆ ಪ್ರಾಣಿಗಳ ಮೂಳೆ ಸೇರಿಸಲೇಬಾರದೇ?” ಎಂದಳು. ಇದಕ್ಕೆ ಉತ್ತರ ನಮ್ಮ ದೇಶದಲ್ಲಿಯೇ ಇದೆ. ಹೈದರಾಬಾದಿನ ಬಂಧುಗಳು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದರೆ ಅಲ್ಲಿ ನಿಂತಿರುವ ಕೋಟಾಸಾರಸನ್ನು ನೋಡಿರುತ್ತಾರೆ. ಈಗಿನ ತೆಲಂಗಾಣದ ಯಾಮನಪಲ್ಲಿ ಎಂಬ ಹಳ್ಳಿಯ ಬಳಿ ಸಿಕ್ಕಿದ ಇದರ ಮೂಳೆಯ ತುಣುಕುಗಳು ೮೪೦. ಅವು ಒಂದೇ ಪ್ರಾಣಿಯವಲ್ಲ, ಕಡಮೆಯೆಂದರೆ ಹನ್ನೆರಡು ಪ್ರಾಣಿಗಳವು. ಆದರೆ ಹನ್ನೆರಡೂ ಒಂದೇ ಜಾತಿಯವೆಂದು ಒಂದೊಂದು ಮೂಳೆಯನ್ನೂ ಹೋಲಿಸಿ ನೋಡಿ ನಿರ್ಧರಿಸಿದ ಮೇಲೆ, ೧೯೮೮ರಲ್ಲಿ ಯಾದಗಿರಿ ಎಂಬ ಭೂವಿಜ್ಞಾನಿ ಇದಕ್ಕೆ ಹೆಸರಿಟ್ಟರು. ತಲೆಬುರುಡೆ ಮಾತ್ರ ಸಿಕ್ಕಲಿಲ್ಲ, ಸಿಕ್ಕಿದ್ದು ಹಲ್ಲುಗಳು. ತಲೆ ಸಿಕ್ಕಲಿಲ್ಲವೆಂಬುದನ್ನು ಅದರ ವರ್ಣನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಾರಾ ಲಿಸ್ ಆಗಿದ್ದರೆ ಪಕ್ಕದ ಕೆರೆಯ ಮೀನಿನದನ್ನು ತಂದಿಟ್ಟು ಕೆಲಸ ಮುಗಿಸುತ್ತಿದ್ದಳು.

ಕ್ರಿಸ್ಟಲ್ ಪ್ಯಾಲೇಸಿನ ಗಾಜಿನ ಅರಮನೆ ೧೯೩೬ರಲ್ಲಿ ಬೆಂಕಿಗೆ ಆಹುತಿಯಾಯಿತು. ತೋಟದ ಇಗ್ವಾನೊಡಾನುಗಳು ಮೂಗಿನ ಮೇಲೆ ಹೆಬ್ಬೆರಳನ್ನು ಹೊತ್ತುಕೊಂಡು ಈಗಲೂ ಅಲ್ಲಿಯೇ ನಿಂತಿವೆ. ಅವನ್ನು ಯಾರೂ ತಿದ್ದಲು ಹೋಗಿಲ್ಲ.

ನಮ್ಮ ಹುಡುಗಿಯೂ ತನ್ನ ಡ್ರಾಕೋವಿಶನ್ನು ಬಿಟ್ಟುಕೊಟ್ಟಿಲ್ಲ. ಆಟದಲ್ಲಿ ಸಾಕಿದ ಪ್ರಾಣಿಗೆ ಮುದ್ದಿನ ಹೆಸರಿಡಬಹುದಂತೆ. ಕನ್ನಡ ಅಕ್ಷರ ಅದಕ್ಕೆ ಬಾರದಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ‘ಪಾಪಣ್ಣ’ ಎಂದು ಬರೆದಿದ್ದಾಳೆ. ಉಸಿರಿಗೆ ಗತಿಯಿಲ್ಲದ ಈ ಪಾಪಣ್ಣನಿಗೆ ಬಲವಾದ ದವಡೆಯಿದೆ. ಎದುರಾಳಿಗಿಂತ ಮೊದಲೇ ಮೇಲೆ ಬಿದ್ದರೆ ಅವನ ಕಚ್ಚುವಿಕೆಯ ಬಲ ಎರಡು ಪಾಲಾಗುತ್ತದೆಯಂತೆ. ಮೊನ್ನೆ ಒಣನೆಲದ ಮೇಲೆಯೇ ಮೂರು ಕಾಳಗ ಗೆದ್ದನೆಂದು ವರದಿ ಬಂತು. ನಮ್ಮ ತಾಯಿಯವರು, “ಗೆದ್ದದ್ದಿರಲಿ, ಅವನನ್ನು ಮೊದಲು ನೀರಿಗೆ ಬಿಡೇ” ಎಂದರು.