ಚಿತ್ರಕ್ಕೊಂದು ನೆರಳು

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಬೆಳಗ್ಗೆ ಎಂಟು ಗಂಟೆಗೆ ಒಮ್ಮೆ ನೋಡಿ, ನಡುಮಧ್ಯಾಹ್ನ ಇನ್ನೊಮ್ಮೆ ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದೊಂದು ಅಡಿಕೆಯ ಪಕ್ಕದಲ್ಲೂ ಒಂದೊಂದು ನೆರಳು ಬಿದ್ದಿರುತ್ತದೆ. ಜಗಲಿಯಲ್ಲಿ ಕುಳಿತೇ ಎಣಿಸಬಹುದು. ಸೂರ್ಯ ನೆತ್ತಿಗೆ ಬಂದಾಗ ನೆರಳು ಅಡಿಗೆ ಸೇರಿಬಿಡುತ್ತದೆ; ಅಡಿಕೆ ಯಾವುದು, ನೆಲ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ವಸ್ತು ಬೇರೆ, ನೆಲ ಬೇರೆ ಎಂದು ಕಣ್ಣಿಗೆ ತಿಳಿಸುವುದು ನೆರಳು.

ಕಂಪ್ಯೂಟರಿನ ಪರದೆಯ ಮೇಲಿರುವ ಸಣ್ಣ ಚಿತ್ರಗಳಿಗೂ, ಅಂದರೆ ಐಕಾನುಗಳಿಗೂ, ಇಂಥದೇ ನೆರಳನ್ನು ಹಾಕಬಹುದು. ಇದಕ್ಕೆ ಡ್ರಾಪ್ ಶ್ಯಾಡೋ ಎಂಬ ಹೆಸರಿದೆ. ನಾವು ಬೀಳುನೆರಳು ಎನ್ನೋಣ. ಅದನ್ನು ಹಾಕುವುದು ಹೇಗೆ, ಎಷ್ಟು ಹಾಕಬೇಕು ಎಂಬುದೇ ಈ ದಿನದ ಮಾತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಚಿತ್ರದ ಗೊಡವೆ ಏಕೆ ಬಂತು ಎಂದು ನೀವು ಕೇಳಬಹುದು. ಕಾಸರಗೋಡಿನ ಕಡೆಯ ನಮ್ಮ ಊರಿನ ವಾಚನಾಲಯದಲ್ಲಿ ಒಂದು ಕಂಪ್ಯೂಟರು ಇದೆ. ಪರದೆಯ ಮೇಲೆ ಮಲಯಾಳ ಪುಸ್ತಕಗಳಿಗೆ ಒಂದು ಐಕಾನು, ಕನ್ನಡ ಪುಸ್ತಕಗಳಿಗೆ ಇನ್ನೊಂದು. ಅಲ್ಲಿ ಕುಳಿತು ಓದಿದವರು ಏನು ಓದಿದೆವೆಂದು ಒಂದು ಪುಸ್ತಕದಲ್ಲಿ ಬರೆದಿಡುವ ಕ್ರಮ. ಒಂದು ದಿನ ಸಮಿತಿಯ ಸಭೆಯಲ್ಲಿ, ಕನ್ನಡದ್ದನ್ನು ಯಾರೂ ತೆರೆಯುವುದಿಲ್ಲ, ಜಾಗ ಯಾಕೆ ಸುಮ್ಮನೆ, ತೆಗೆದುಬಿಡೋಣ ಎಂಬ ಮಾತು ಬಂತು. ಬರೆದಿಟ್ಟ ಪುಸ್ತಕ ನೋಡಿದರೆ ಮಾತು ಸುಳ್ಳೂ ಅಲ್ಲ. ನನಗೆ ಸಂಕಟವಾಯಿತು.

ಮರುದಿನ ಹೋಗಿ ಪರದೆಯ ಮುಂದೆ ನಾನೇ ಕುಳಿತೆ. ಹಿನ್ನೆಲೆಯಲ್ಲಿ ಕೊಯ್ಲಿಗೆ ಬಂದ ಭತ್ತದ ಗದ್ದೆಯ ಚಿತ್ರ, ಪೂರಾ ಹಳದಿ. ಮಲಯಾಳದ ಐಕಾನು ಕಡು ಹಸಿರು ಪುಸ್ತಕ, ಎದ್ದು ಕಾಣುತ್ತದೆ. ಕನ್ನಡದ್ದು ತಿಳಿ ಹಳದಿ ಪುಸ್ತಕ, ಮೇಲೊಂದು ಸಣ್ಣ ಅಕ್ಷರ. ಗದ್ದೆಯೊಳಗೆ ಕರಗಿಹೋಗಿತ್ತು. ಎಲ್ಲಿದೆ ಎಂದು ಗೊತ್ತಿದ್ದ ನನಗೇ ಹುಡುಕಬೇಕಾಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಕಾಣದ ಬಾಗಿಲನ್ನು ಯಾರು ತಟ್ಟುತ್ತಾರೆ?

ಮನೆಗೆ ಬಂದು ಮೊಮ್ಮಗಳ ಹತ್ತಿರ ಹೇಳಿದೆ. ಅವಳು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಓದುತ್ತಾಳೆ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿ ಮಕ್ಕಳಿಗೆ ಕಲಿಸುವುದು ದುಡ್ಡು ಕೊಡದೆ ಸಿಗುವ ಸ್ವತಂತ್ರ ತಂತ್ರಾಂಶಗಳನ್ನು. ಅವುಗಳಲ್ಲಿ ಚಿತ್ರ ತಿದ್ದುವುದಕ್ಕಾಗಿ ಇರುವುದು ಗಿಂಪ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಆರಂಭಿಸಿದರು. ಇಂದು ನಮ್ಮ ಹಳ್ಳಿಯ ಮಕ್ಕಳ ಕೈಯಲ್ಲೂ ಅದು ಇದೆ.

"ಅಜ್ಜ, ಐಕಾನಿಗೆ ಒಂದು ನೆರಳು ಹಾಕಿದರೆ ಆಯಿತು" ಎಂದಳು ಹುಡುಗಿ.

ಹಾಕುವ ಮೊದಲು, ಯಂತ್ರ ಮಾಡುವ ಕೆಲಸ ಏನು ಎಂದು ತಿಳಿದುಕೊಳ್ಳೋಣ. ಪುಸ್ತಕದ ಆಕಾರದಲ್ಲಿ ಒಂದು ಕಪ್ಪು ಕಾಗದ ಕತ್ತರಿಸಿದಿರಿ ಎಂದಿಟ್ಟುಕೊಳ್ಳಿ. ಅದನ್ನು ಪುಸ್ತಕದ ಅಡಿಗೆ ಇಟ್ಟು, ಸ್ವಲ್ಪ ಬಲಕ್ಕೂ ಸ್ವಲ್ಪ ಕೆಳಕ್ಕೂ ಸರಿಸಿದಿರಿ. ಅಂಚನ್ನು ಬೆರಳಿನಿಂದ ತೀಡಿ ಮಸುಕು ಮಾಡಿದಿರಿ. ಕಪ್ಪನ್ನು ತುಸು ತೆಳುವಾಗಿಸಿದಿರಿ. ಬೀಳುನೆರಳು ಎಂದರೆ ಇಷ್ಟೇ. ಆಕಾರವನ್ನು ನಕಲು ಮಾಡುವುದು, ಕಪ್ಪು ಬಳಿಯುವುದು, ಸರಿಸುವುದು, ಮಸುಕು ಮಾಡುವುದು, ತೆಳುಗೊಳಿಸುವುದು.

ಇದರಲ್ಲಿ ಮೊದಲನೆಯ ಕೆಲಸದಲ್ಲೇ ನಾನು ಎಡವಿದೆ. ಐಕಾನು ತೆರೆದು ನೆರಳು ಹಾಕಿದರೆ, ಪುಸ್ತಕಕ್ಕೆ ನೆರಳು ಬೀಳಲೇ ಇಲ್ಲ. ಕಾರಣ ಆಮೇಲೆ ತಿಳಿಯಿತು. ನಮ್ಮ ಕಣ್ಣಿಗೆ ಪುಸ್ತಕ ಮಾತ್ರ ಕಾಣುತ್ತದೆ. ಯಂತ್ರದ ಲೆಕ್ಕದಲ್ಲಿ ಪುಸ್ತಕ ಅಂಟಿಕೊಂಡಿರುವ ಬಿಳಿ ಚೌಕವೂ ಚಿತ್ರವೇ. ನೆರಳು ಬಿದ್ದದ್ದು ಆ ಇಡೀ ಚೌಕಕ್ಕೆ. ಗೊಂಬೆಯನ್ನು ಕತ್ತರಿಸದೆ ಇಡೀ ಚರ್ಮವನ್ನೇ ದೀಪದ ಎದುರು ಹಿಡಿದರೆ ತೊಗಲುಗೊಂಬೆ ಆಟ ನಡೆಯುತ್ತದೆಯೇ?

ಆದ್ದರಿಂದ ಮೊದಲು ಬಿಳಿಯನ್ನು ಕತ್ತರಿಸಿ ತೆಗೆಯಬೇಕು. ಲೇಯರ್ ಪಟ್ಟಿಯಲ್ಲಿ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಆಡ್ ಆಲ್ಫಾ ಚಾನೆಲ್ ಎಂದು ಒತ್ತಿ. ಚಿತ್ರದಲ್ಲಿ ಎಲ್ಲಿ ಬಣ್ಣವಿದೆ, ಎಲ್ಲಿ ಬರಿದಾಗಿದೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವುದು ಈ ಆಲ್ಫಾ. ಬಳಿಕ ಮಂತ್ರದಂಡದ ಗುರುತಿನ ಫಜ್ಜಿ ಸೆಲೆಕ್ಟ್ ಉಪಕರಣದಿಂದ ಬಿಳಿಯ ಮೇಲೆ ಒತ್ತಿ, ಕೀಲಿಮಣೆಯಲ್ಲಿ ಡಿಲೀಟ್ ಒತ್ತಿ. ಬಿಳಿ ಹೋಗಿ, ಬೂದು ಬಣ್ಣದ ಚೌಕಳಿ ಕಂಡರೆ ಅಲ್ಲಿ ಬರಿದಾಯಿತು ಎಂದರ್ಥ. ಕೊನೆಗೆ ಸೆಲೆಕ್ಟ್ ಪಟ್ಟಿಯಲ್ಲಿ ನನ್ ಎಂದು ಒತ್ತಿ ಆಯ್ಕೆಯನ್ನು ಬಿಡಿಸಿಕೊಳ್ಳಲು ಮರೆಯಬೇಡಿ.

ಎರಡನೆಯದು ಜಾಗ. ಐಕಾನು 256 ಪಿಕ್ಸೆಲಿನ ಚೌಕವೆಂದು ಇಟ್ಟುಕೊಳ್ಳಿ. ಪಿಕ್ಸೆಲು ಎಂದರೆ ಚಿತ್ರದ ಒಂದು ಚುಕ್ಕಿ. ಪುಸ್ತಕ ಅಂಚಿನಿಂದ ಅಂಚಿಗೆ ತುಂಬಿದ್ದರೆ ನೆರಳಿಗೆ ಜಾಗವೆಲ್ಲಿ? ಪುಸ್ತಕವನ್ನು 220 ಪಿಕ್ಸೆಲಿಗೆ ಕುಗ್ಗಿಸಿ ನಡುವೆ ಇಟ್ಟರೆ ನಾಲ್ಕು ಕಡೆಯೂ 18 ಪಿಕ್ಸೆಲು ಉಳಿಯುತ್ತದೆ. ಅಷ್ಟು ಸಾಕು.

ಇನ್ನು ನೆರಳು. ಫಿಲ್ಟರ್ಸ್ ಪಟ್ಟಿಯಲ್ಲಿ ಲೈಟ್ ಅಂಡ್ ಶ್ಯಾಡೋ, ಅದರೊಳಗೆ ಡ್ರಾಪ್ ಶ್ಯಾಡೋ. ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಎಕ್ಸ್ ಎಂದರೆ ನೆರಳು ಬಲಕ್ಕೆ ಎಷ್ಟು ಸರಿಯಬೇಕು ಎಂಬ ಲೆಕ್ಕ. ಎಡಕ್ಕೆ ಬೇಕಾದರೆ ಋಣ ಸಂಖ್ಯೆ ಕೊಡಬೇಕು. ವೈ ಎಂದರೆ ಕೆಳಕ್ಕೆ ಎಷ್ಟು ಎಂಬುದು. ಬ್ಲರ್ ರೇಡಿಯಸ್ ಎಂದರೆ ಮಸುಕು. ಬಿರುಬಿಸಿಲಿನ ನೆರಳಿಗೆ ಅಂಚು ಚೂಪು, ಮೋಡದ ದಿನದ ನೆರಳಿಗೆ ಅಂಚೇ ಗೊತ್ತಾಗದು. ಹಾಗೆಯೇ ಈ ಸಂಖ್ಯೆ ಹೆಚ್ಚಿದಷ್ಟೂ ಮಸುಕು ಹೆಚ್ಚು. ಒಪ್ಯಾಸಿಟಿ ಎಂದರೆ ಕಪ್ಪಿನ ದಟ್ಟತೆ. ಸೊನ್ನೆ ಕೊಟ್ಟರೆ ನೆರಳೇ ಇಲ್ಲ, ಒಂದು ಕೊಟ್ಟರೆ ಪೂರಾ ಕಪ್ಪು.

ಎಕ್ಸ್ ಮತ್ತು ವೈ ಎರಡಕ್ಕೂ ತಂತ್ರಾಂಶ ತಾನಾಗಿ ಕೊಡುವ ಸಂಖ್ಯೆ 20. ಅದು ದೊಡ್ಡ ಚಿತ್ರಕ್ಕೆ ಸರಿ, ನಮ್ಮ ಐಕಾನಿಗೆ ಅತಿಯಾಯಿತು. ಬ್ಯಾಂಕಿನಲ್ಲಿ ಕೈ ಅಲುಗಿ ಸೀಲು ಹೊಡೆದರೆ ಎರಡೆರಡು ಮುದ್ರೆ ಬಿದ್ದಂತೆ ಕಾಣುತ್ತದಲ್ಲ, ಹಾಗೆ ಕಂಡಿತು. ಮ್ಯಾನೇಜರು ಅಂಥದ್ದನ್ನು ವಾಪಸು ಕಳಿಸುತ್ತಿದ್ದರು. ಕೊನೆಗೆ ಎಕ್ಸ್ 4, ವೈ 4, ಮಸುಕು 4, ದಟ್ಟತೆ ಅರ್ಧ, ಇಷ್ಟಕ್ಕೆ ನಿಲ್ಲಿಸಿದೆವು. ನೆರಳು ಹಾಕಿದ್ದಾರೆ ಎಂದು ನೋಡಿದವರಿಗೆ ಹೊಳೆಯಬಾರದು, ಪುಸ್ತಕ ಎದ್ದು ಕಾಣುತ್ತದೆ ಎಂದಷ್ಟೇ ತಿಳಿಯಬೇಕು. ನೆರಳು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಇದೇ ಅಳತೆ.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಪರದೆಯ ಎಲ್ಲ ಐಕಾನುಗಳಿಗೂ ನೆರಳು ಒಂದೇ ದಿಕ್ಕಿಗೆ ಬೀಳಬೇಕು. ಒಂದರದ್ದು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಬಿದ್ದರೆ ಆಕಾಶದಲ್ಲಿ ಎರಡು ಸೂರ್ಯರಿದ್ದಂತೆ. ಬೆಳಕು ಎಡ ಮೇಲಿನಿಂದ ಬರುತ್ತದೆ, ನೆರಳು ಬಲ ಕೆಳಕ್ಕೆ ಬೀಳುತ್ತದೆ ಎಂಬುದು ಸಾಮಾನ್ಯ ರೂಢಿ.

ಚಿತ್ರವನ್ನು ಕುಗ್ಗಿಸಿದರೆ ನೆರಳೂ ಕುಗ್ಗುತ್ತದೆ. 256ರಲ್ಲಿ 4 ಪಿಕ್ಸೆಲು ಸರಿದ ನೆರಳು, 48ಕ್ಕೆ ಇಳಿಸಿದಾಗ ಮುಕ್ಕಾಲು ಪಿಕ್ಸೆಲು ಆಗುತ್ತದೆ, ಇದ್ದೂ ಇಲ್ಲದಂತೆ. ಸಣ್ಣ ಐಕಾನು ಬೇಕಾದರೆ ಮೊದಲು ಪುಸ್ತಕವನ್ನು ಕುಗ್ಗಿಸಿ, ಆಮೇಲೆ ಅದಕ್ಕೆ ತಕ್ಕ ನೆರಳು ಹಾಕಿ.

ಕೊನೆಯಲ್ಲಿ ಉಳಿಸುವ ಕೆಲಸ. ತಿದ್ದುವ ಪ್ರತಿಯನ್ನು ಗಿಂಪಿನದೇ ಆದ ಎಕ್ಸ್‌ಸಿಎಫ್ ರೂಪದಲ್ಲಿ ಇಟ್ಟುಕೊಳ್ಳಿ. ಪರದೆಗೆ ಹಾಕುವ ಪ್ರತಿಯನ್ನು ಫೈಲ್ ಪಟ್ಟಿಯ ಎಕ್ಸ್‌ಪೋರ್ಟ್ ಆಸ್ ಮೂಲಕ ಪಿಎನ್‌ಜಿ ರೂಪದಲ್ಲಿ ತೆಗೆಯಿರಿ. ಜೆಪೆಗ್ ಬೇಡ. ಬರಿದಾದ ಜಾಗವನ್ನು ಬರಿದಾಗಿಯೇ ಇಡುವ ಶಕ್ತಿ ಜೆಪೆಗ್‌ಗೆ ಇಲ್ಲ. ಪಟ್ಟು ಹಿಡಿದು ತೆಗೆದ ಚೌಕ ಮತ್ತೆ ಬಂದು ಕೂರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಆವೃತ್ತಿಯಲ್ಲಿ ಇನ್ನೊಂದು ಅನುಕೂಲವಿದೆ. ಹಾಕಿದ ನೆರಳು ಚಿತ್ರದಲ್ಲಿ ಬೆರೆಯದೆ ಪ್ರತ್ಯೇಕವಾಗಿಯೇ ಉಳಿಯುತ್ತದೆ. ಎಕ್ಸ್‌ಸಿಎಫ್ ಪ್ರತಿ ತೆರೆದು ನಾಳೆಯೂ ಅದರ ಸಂಖ್ಯೆ ಬದಲಾಯಿಸಬಹುದು.

ಒಂದು ಮಾತು ಒಪ್ಪಿಕೊಳ್ಳಬೇಕು. ನೆರಳು ಎಲ್ಲ ರೋಗಕ್ಕೂ ಮದ್ದಲ್ಲ. ಪುಸ್ತಕದ ಅಂಚು ಎದ್ದು ಬಂತು ನಿಜ, ಆದರೆ ಮೇಲಿದ್ದ ಸಣ್ಣ ಅಕ್ಷರ ತೆಳುವಾಗಿಯೇ ಇತ್ತು. ಅಕ್ಷರಕ್ಕೂ ನೆರಳು ಹಾಕಿ ನೋಡಿದೆವು. ಕನ್ನಡದ ಕೊಂಬು, ತಲೆಕಟ್ಟುಗಳ ಸಂದಿಯಲ್ಲೆಲ್ಲ ಕಪ್ಪು ತುಂಬಿ ಮತ್ತಷ್ಟು ಕೆಟ್ಟಿತು. ನೆರಳನ್ನು ತೆಗೆದು, ಅಕ್ಷರವನ್ನು ದೊಡ್ಡದು ಮಾಡಿ, ಕಡು ಕೆಂಪು ಬಣ್ಣ ಕೊಟ್ಟೆವು. ಆಗ ಸರಿಹೋಯಿತು.

ವಾಚನಾಲಯದ ಕಂಪ್ಯೂಟರು ನೋಡಿಕೊಳ್ಳುವ ಹುಡುಗನ ಮನೆಮಾತು ಮಲಯಾಳ. ಹೊಸ ಐಕಾನನ್ನು ಅವನೇ ಕೂರಿಸಿಕೊಟ್ಟ. "ಇದು ಇಲ್ಲಿ ಇದ್ದದ್ದು ನನಗೇ ಸರಿಯಾಗಿ ಕಂಡಿರಲಿಲ್ಲ" ಎಂದು ನಕ್ಕ. ತೆಗೆದುಹಾಕುವ ಮಾತನ್ನು ಸಮಿತಿ ಸದ್ಯಕ್ಕೆ ಮುಂದೂಡಿದೆ. ಬರೆದಿಡುವ ಪುಸ್ತಕದಲ್ಲಿ ಈಗ ಕನ್ನಡ ಪುಸ್ತಕಗಳ ಹೆಸರು ಆಗಾಗ ಕಾಣುತ್ತದೆ. ನೆರಳಿನಿಂದ ಓದುಗರು ಹುಟ್ಟಲಿಲ್ಲ, ಇದ್ದ ಓದುಗರಿಗೆ ಬಾಗಿಲು ಕಂಡಿತು, ಅಷ್ಟೇ.

ನಿಮ್ಮ ಊರಿನ ಶಾಲೆಯಲ್ಲೋ ವಾಚನಾಲಯದಲ್ಲೋ ಕಂಪ್ಯೂಟರು ಇದ್ದರೆ ಒಮ್ಮೆ ಹೋಗಿ ನೋಡಿ. ಕನ್ನಡ ಇದೆಯೇ ಎಂದು ಮಾತ್ರ ಕೇಳಿ ಬರಬೇಡಿ. ನಾಲ್ಕು ಹೆಜ್ಜೆ ಹಿಂದೆ ನಿಂತು, ಕಾಣುತ್ತದೆಯೇ ಎಂದೂ ನೋಡಿ. ಕಾಣದಿದ್ದರೆ ಮನೆಯ ಮಕ್ಕಳನ್ನು ಕರೆದು ಕೂರಿಸಿ. ದಾರಿ ಅವರಿಗೆ ಗೊತ್ತಿದೆ.