ಜಿಮ್‌ಗೆ ಹೆಡ್‌ಫೋನ್: ಬೆಲೆ ಕೇಳುವ ಮೊದಲು ಕಿವಿಯನ್ನು ನೆನೆಯಿರಿ

ಜಿಮ್‌ಗೆ ಸೇರಿದವರು ಶೂ ಜೊತೆಗೆ ಕೊಳ್ಳುವ ಇನ್ನೊಂದು ವಸ್ತು ಇಯರ್‌ಫೋನ್. ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಕೆಲವರು ಕುರ್‌ಆನ್ ಪಾರಾಯಣ ಆಲಿಸುತ್ತಾರೆ, ಕೆಲವರು ಪ್ರವಚನ, ಇನ್ನು ಕೆಲವರು ವಾರ್ತೆ. ಬೇಸರವಿಲ್ಲದೆ ಅರ್ಧ ಗಂಟೆ ಹೆಚ್ಚು ವ್ಯಾಯಾಮ ಮಾಡಲು ಇದರಿಂದ ಸಹಾಯವಾಗುತ್ತದೆ. ಆದರೆ ಅಂಗಡಿಯಲ್ಲಿ ನಾವು ವಿಚಾರಿಸುವುದು ಬೆಲೆ, ಬ್ಯಾಟರಿ ಮತ್ತು ಬಣ್ಣ ಮಾತ್ರ. ಅದನ್ನು ಧರಿಸಬೇಕಾದ ಕಿವಿಯ ಬಗ್ಗೆ ವಿಚಾರಿಸುವವರು ಕಡಿಮೆ.

ಹೋದರೆ ಮರಳಿ ಬಾರದು

ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮವಾದ ಕೂದಲು ಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು 15,000. ಚರ್ಮಕ್ಕೆ ಗಾಯವಾದರೆ ವಾಸಿಯಾಗುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಷ್ಟವಾಗುವಾಗ ನೋವೂ ಇರುವುದಿಲ್ಲ. ಗದ್ದಲದ ಮದುವೆ ಮನೆಯಲ್ಲಿ ಎದುರಿನವರ ಮಾತು ಸ್ಪಷ್ಟವಾಗದಿರುವುದು, ಮನೆಯವರು ಎರಡೆರಡು ಸಲ ಕೂಗಬೇಕಾಗುವುದು, ಹೀಗೆ ವರ್ಷಗಳ ನಂತರವೇ ನಮಗೆ ಅದು ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆಗಳವರೆಗೆ ಆಲಿಸಬಹುದು. ಅದು 90 ಡೆಸಿಬಲ್‌ಗೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. 100 ಡೆಸಿಬಲ್ ಆದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ! ಶಬ್ದ ಸ್ವಲ್ಪ ಏರಿದರೂ ಸುರಕ್ಷಿತ ಅವಧಿ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಗಮನಿಸಿ.

ಜಿಮ್‌ನಲ್ಲಿ ಅಪಾಯ ಹೆಚ್ಚು. ಅಲ್ಲಿ ಸ್ಪೀಕರ್‌ನ ಹಾಡು, ಯಂತ್ರಗಳ ಸದ್ದು, ತೂಕದ ತಟ್ಟೆಗಳು ಬೀಳುವ ಶಬ್ದ ಎಲ್ಲವೂ ಇರುತ್ತವೆ. ಅವನ್ನು ಮೀರಿಸಲು ನೀವು ಅರಿವಿಲ್ಲದೆಯೇ ವಾಲ್ಯೂಮ್ ಏರಿಸುತ್ತೀರಿ. ಮನೆಯಲ್ಲೇ, ನಿಶ್ಶಬ್ದದಲ್ಲಿ, ಗರಿಷ್ಠ ವಾಲ್ಯೂಮಿನ ಶೇಕಡಾ 60ರೊಳಗೆ ಹೊಂದಿಸಿಕೊಂಡು ಜಿಮ್‌ಗೆ ಹೋಗುವುದು ಒಳ್ಳೆಯ ಅಭ್ಯಾಸ. ಫೋನ್ ಹೆಚ್ಚು ವಾಲ್ಯೂಮಿನ ಎಚ್ಚರಿಕೆ ತೋರಿಸಿದಾಗ ಓದದೆ ಒತ್ತಿಬಿಡಬೇಡಿ.

ಯಾವ ಬಗೆ ಯಾರಿಗೆ?

ಕಿವಿಯೊಳಗೆ ಕೂರುವ ಇಯರ್‌ಬಡ್: ಸಿಲಿಕೋನ್ ತುದಿ ಕಿವಿಗೆ ಸರಿಯಾಗಿ ಹೊಂದಿದರೆ ಹೊರಗಿನ ಗದ್ದಲ ಕಡಿಮೆಯಾಗುತ್ತದೆ, ಕಡಿಮೆ ವಾಲ್ಯೂಮ್ ಸಾಕಾಗುತ್ತದೆ. ಪೊಟ್ಟಣದಲ್ಲಿ ಸಾಮಾನ್ಯವಾಗಿ ಎರಡು ಮೂರು ಅಳತೆಯ ತುದಿಗಳಿರುತ್ತವೆ. ಎಲ್ಲವನ್ನೂ ಹಾಕಿ ನೋಡಿ. ಎರಡು ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗಬಹುದು. ಓಡುವಾಗ ಬೀಳುತ್ತಿದ್ದರೆ ಕಿವಿಯ ಹಿಂದೆ ಕೊಕ್ಕೆ ಇರುವ ಮಾದರಿ ಅಥವಾ ನೆಕ್‌ಬ್ಯಾಂಡ್ ಆರಿಸಿ.

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್: ಕಿವಿನಾಳದೊಳಗೆ ಏನೂ ಹೋಗುವುದಿಲ್ಲ. ಆದರೆ ಸೆಕೆಗೆ ಕಿವಿಯ ಸುತ್ತ ಬೆವರು ತುಂಬುತ್ತದೆ, ಮೆತ್ತೆ ಬೆವರು ಹೀರುತ್ತದೆ. ಬೆಂಚ್ ಮೇಲೆ ಮಲಗಿ ತೂಕ ಎತ್ತುವಾಗ ಜಾರುತ್ತದೆ.

ಬೋನ್ ಕಂಡಕ್ಷನ್: ಇದು ಕಿವಿಯ ಮುಂದೆ, ಕೆನ್ನೆಯ ಮೂಳೆಯ ಮೇಲೆ ಕೂರುತ್ತದೆ. ಕಿವಿನಾಳ ತೆರೆದಿರುವುದರಿಂದ ಸುತ್ತಲಿನ ಶಬ್ದ ಕೇಳುತ್ತದೆ. ಫಜ್ರ್ ನಂತರ ರಸ್ತೆ ಬದಿಯಲ್ಲಿ ನಡೆಯುವವರಿಗೆ ಇದು ಅನುಕೂಲ. ಆದರೆ ಇದರಿಂದ ಕಿವಿಗೆ ಹಾನಿಯೇ ಇಲ್ಲ ಎಂದು ತಿಳಿಯಬೇಡಿ. ಶಬ್ದ ಕೊನೆಗೆ ತಲುಪುವುದು ಅದೇ ಒಳಗಿವಿಗೆ.

ಬೆವರಿನ ಲೆಕ್ಕ

ಪೊಟ್ಟಣದ ಮೇಲೆ ಐಪಿಎಕ್ಸ್ 4, 5, 7 ಎಂಬ ಗುರುತು ನೋಡಿರಬಹುದು. 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ. 5 ನೀರಿನ ಧಾರೆಯನ್ನು ತಡೆಯುತ್ತದೆ. 7 ಆದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಕೆಡದು. ಜಿಮ್‌ಗೆ ಕನಿಷ್ಠ 4 ಇರಲಿ. ಈ ಪರೀಕ್ಷೆ ನಡೆಯುವುದು ಸಿಹಿ ನೀರಿನಲ್ಲಿ, ನಮ್ಮ ಬೆವರಿನಲ್ಲಿ ಉಪ್ಪಿದೆ. ಚಾರ್ಜಿಂಗ್ ಡಬ್ಬಿಗೂ ಈ ರಕ್ಷಣೆ ಇರುತ್ತದೆಂದು ಭಾವಿಸಬೇಡಿ. ಆದ್ದರಿಂದ ಒರೆಸಿ ಒಣಗಿಸದೆ ಒಳಗಿಡಬಾರದು.

ಹಿಜಾಬ್ ಧರಿಸುವವರಿಗೆ

ಹಿಜಾಬ್‌ನ ಒಳಗೆ ದೊಡ್ಡ ಹೆಡ್‌ಫೋನ್ ಕಿರಿಕಿರಿ, ಮೇಲೆ ಹಾಕಿದರೆ ಬಟ್ಟೆ ಜಾರುತ್ತದೆ. ಚಿಕ್ಕ ಇಯರ್‌ಬಡ್ ಉತ್ತಮ. ಮುಟ್ಟಿದರೆ ಕೆಲಸ ಮಾಡುವ ಮಾದರಿಗಳಲ್ಲಿ ಬಟ್ಟೆ ಸವರಿದರೂ ಧ್ವನಿ ನಿಲ್ಲಬಹುದು ಅಥವಾ ಬದಲಾಗಬಹುದು. ಆ ಸೌಲಭ್ಯವನ್ನು ಆ್ಯಪ್‌ನಲ್ಲಿ ನಿಲ್ಲಿಸಲು ಸಾಧ್ಯವೇ ಎಂದು ಕೊಳ್ಳುವಾಗಲೇ ಕೇಳಿ. ಬಟ್ಟೆಯ ಒಳಗೆ ಬೆವರು ಬೇಗ ಆರುವುದಿಲ್ಲ. ತೆಳುವಾದ, ಗಾಳಿಯಾಡುವ ಬಟ್ಟೆ ಧರಿಸಿ. ವ್ಯಾಯಾಮ ಮುಗಿದ ಕೂಡಲೇ ಇಯರ್‌ಬಡ್ ತೆಗೆದು ಕಿವಿಗೆ ಗಾಳಿ ತಾಗಲು ಬಿಡಿ.

ಶುಚಿತ್ವ

ತೇವ, ಶಾಖ ಮತ್ತು ಮುಚ್ಚಿದ ಕಿವಿನಾಳ, ಇವು ಶಿಲೀಂಧ್ರಕ್ಕೆ ಬೇಕಾದ ವಾತಾವರಣ. ಕರಾವಳಿಯಂತಹ ಆರ್ದ್ರ ಹವೆಯಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಇದು ಸಾಮಾನ್ಯ ತೊಂದರೆ. ಆದ್ದರಿಂದ:

• ಪ್ರತಿ ಬಾರಿ ಬಳಸಿದ ಮೇಲೆ ಒಣ ಮೆದು ಬಟ್ಟೆಯಿಂದ ಒರೆಸಿ. ವಾರಕ್ಕೊಮ್ಮೆ ಸಿಲಿಕೋನ್ ತುದಿಗಳನ್ನು ಬಿಡಿಸಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಿ.

• ವುಝೂ ಅಥವಾ ಸ್ನಾನದ ನಂತರ ಹೊರಕಿವಿಯ ತೇವ ಒರೆಸಿಕೊಂಡು, ಒಣಗಿದ ಮೇಲೆಯೇ ಇಯರ್‌ಬಡ್ ಹಾಕಿ.

• ಅಣ್ಣ ತಮ್ಮಂದಿರಾದರೂ, ಗೆಳತಿಯರಾದರೂ ಇಯರ್‌ಬಡ್ ಹಂಚಿಕೊಳ್ಳಬೇಡಿ.

• ಕಿವಿಯ ಗುಗ್ಗೆ ಕೊಳೆಯಲ್ಲ, ಅದು ಕಿವಿಗೆ ರಕ್ಷಣೆ. ತಾನಾಗಿಯೇ ಹೊರಬರುತ್ತದೆ. ಇಯರ್‌ಬಡ್ ಅದನ್ನು ಒಳಕ್ಕೆ ತಳ್ಳಬಹುದು. ಹತ್ತಿಕಡ್ಡಿ, ಪಿನ್, ಬೆಂಕಿಕಡ್ಡಿ ಹಾಕಿದರೆ ಇನ್ನಷ್ಟು ಒಳಹೋಗುತ್ತದೆ.

• ತುರಿಕೆಯಾದಾಗ ಕೊಬ್ಬರಿ ಎಣ್ಣೆ ಸುರಿಯುವುದು ನಮ್ಮ ಮನೆಗಳಲ್ಲಿ ರೂಢಿ. ಕಿವಿತಮಟೆಯಲ್ಲಿ ರಂಧ್ರವಿದ್ದರೆ ಅಥವಾ ಸೋಂಕಿದ್ದರೆ ಇದರಿಂದ ತೊಂದರೆ ಹೆಚ್ಚುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ವ್ಯಾಯಾಮದ ನಂತರ ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಕೇಳಿದರೆ ಆ ದಿನ ವಾಲ್ಯೂಮ್ ಮಿತಿ ಮೀರಿತ್ತು ಎಂದರ್ಥ. ಅದು ಮರುದಿನವೂ ಉಳಿದರೆ, ಕಿವಿ ಕಟ್ಟಿದಂತಾದರೆ, ತುರಿಕೆ, ನೋವು ಅಥವಾ ಸೋರಿಕೆ ಇದ್ದರೆ ಇಯರ್‌ಫೋನ್ ಬದಿಗಿಟ್ಟು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಒಂದು ಕಿವಿ ಹಠಾತ್ತಾಗಿ ಕೇಳಿಸದಾದರೆ ಅದೇ ದಿನ ಹೋಗಿ. ಮಧುಮೇಹ ಇರುವವರು ಕಿವಿನೋವನ್ನು, ಅದರಲ್ಲೂ ರಾತ್ರಿ ಹೆಚ್ಚುವ ತೀವ್ರ ನೋವನ್ನು, ಒಂದು ದಿನವೂ ಅಲಕ್ಷಿಸಬಾರದು. ಅವರಲ್ಲಿ ಸೋಂಕು ಮೂಳೆಗೆ ಹರಡುವ ಸಾಧ್ಯತೆ ಇದೆ.

ದೇಹ ಗಟ್ಟಿಯಾಗಲೆಂದು ನಾವು ಜಿಮ್‌ಗೆ ಹೋಗುತ್ತೇವೆ. ಕಿವಿಯೂ ಆ ದೇಹದ ಭಾಗವೇ. ಶ್ರವಣ ಶಕ್ತಿ ಅಲ್ಲಾಹನು ನೀಡಿದ ಅಮಾನತ್ತು, ಅದನ್ನು ಹೇಗೆ ಬಳಸಿದೆವೆಂಬ ವಿಚಾರಣೆ ಇದೆ ಎಂದು ನಂಬಿದವರು ನಾವು. ಮುಂದಿನ ಸಲ ಇಯರ್‌ಫೋನ್ ಹಾಕಿಕೊಂಡಾಗ ಧ್ವನಿಯನ್ನು ಎರಡು ಹಂತ ತಗ್ಗಿಸಿ. ಮೊದಲೆರಡು ದಿನ ಕಡಿಮೆ ಎನಿಸಬಹುದು, ಮೂರನೆಯ ದಿನಕ್ಕೆ ಅದೇ ರೂಢಿಯಾದೀತು.