ದುರಸ್ತಿಗೆ ಮುನ್ನ ಪ್ರತಿ

ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಹಲವು ವರ್ಷ ಲೇತ್ ನಡೆಯಿಸಿದವರಿಗೆ ಬೇರಿಂಗ್ ಸವೆದಿರುವುದನ್ನು ಅರಿಯಲು ಯಂತ್ರವನ್ನು ಬಿಚ್ಚಬೇಕಾದುದಿಲ್ಲ. ಅದರ ಸ್ವರದಲ್ಲಿ ಅತ್ಯಲ್ಪವಾದ ವ್ಯತ್ಯಾಸ ತೋರಿದರೂ ಸಾಕು, ಕೈ ತಾನಾಗಿ ಸ್ವಿಚ್ಚಿನತ್ತ ಹೋಗುತ್ತದೆ. ಆದರೆ ಅದೇ ಕಾರ್ಖಾನೆಯ ಮೂಲೆಯ ಮೇಜಿನ ಮೇಲೆ, ಜಿಎಸ್‌ಟಿ ಲೆಕ್ಕಗಳನ್ನೂ ಗಿರಾಕಿಗಳ ನಕ್ಷೆಗಳನ್ನೂ ತನ್ನೊಳಗಿರಿಸಿಕೊಂಡ ಹಳೆಯ ಲ್ಯಾಪ್‌ಟಾಪು ಟಿಕ್ ಟಿಕ್ ಎನ್ನತೊಡಗಿದರೆ, ಅದನ್ನು ಕೇಳಿಯೂ ಕೆಲಸ ಮುಂದುವರಿಯುತ್ತದೆ. ನಿಂತುಹೋದರೆ ಮತ್ತೆ ಆನ್ ಮಾಡುತ್ತಾರೆ, ಮತ್ತೂ ನಿಂತರೆ ಮತ್ತೂ ಒಮ್ಮೆ. ವಿಜಯನಗರದ ವಿದ್ಯಾರ್ಥಿಯ ಪ್ರಬಂಧವೂ ಬಸವೇಶ್ವರನಗರದ ಗೃಹಸ್ಥರ ಮನೆಯ ಮದುವೆ, ನಾಮಕರಣಗಳ ಚಿತ್ರಗಳೂ ಎಷ್ಟೋ ವೇಳೆ ನಾಶವಾಗುವುದು ಈ ಹಠದಿಂದಲೇ. ಮೊದಲು ಪ್ರತಿ, ಅನಂತರ ದುರಸ್ತಿ: ಈ ಕ್ರಮವನ್ನು ಪಾಲಿಸಿದವರ ದಾಖಲೆಗಳು ಉಳಿಯುವ ಸಂಭವ ಹೆಚ್ಚು.

ಇದರ ಕಾರಣ ಡಿಸ್ಕಿನ ಒಳರಚನೆಯಲ್ಲಿದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದಿನ ಒಂದು ಟೆರಾಬೈಟಿನ ಲ್ಯಾಪ್‌ಟಾಪ್ ಡಿಸ್ಕು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಿದ್ದೂ ಅದರ ಸುಮಾರು ಎರಡು ಲಕ್ಷ ಪಟ್ಟನ್ನು ಧರಿಸುತ್ತದೆ. ಇಂತಹ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವುದರಿಂದ ಅದರ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುತ್ತದೆ; ಬರೆದುದನ್ನು ಓದುವ ಹೆಡ್ಡು ಆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ, ಎಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಎತ್ತರದಲ್ಲಿ, ತೇಲುತ್ತಿರುತ್ತದೆ. ಚಾಲನೆಯಲ್ಲಿರುವಾಗ ಪೆಟ್ಟು ಬಿದ್ದು ಹೆಡ್ಡು ತಟ್ಟೆಗೆ ತಗುಲಿತೆಂದರೆ ಕಾಂತೀಯ ಲೇಪ ಗೀಚಿಹೋಗುತ್ತದೆ; ಗೀಚಿ ಎದ್ದ ಧೂಳು ಹೊಸ ಗೀರುಗಳಿಗೆ ಕಾರಣವಾಗುತ್ತದೆ. ಆದುದರಿಂದಲೇ ರೋಗಗ್ರಸ್ತವಾದ ಡಿಸ್ಕನ್ನು ಸುಮ್ಮನೆ ಓಡಿಸಿದ ಒಂದೊಂದು ನಿಮಿಷವೂ ನಷ್ಟವನ್ನು ಹಿಗ್ಗಿಸಬಲ್ಲುದು.

ಕಡತವೊಂದು ತೆರೆಯಲು ಅಕಾರಣವಾಗಿ ತಡವಾಗುವುದು, ನಕಲು ಮಾಡುವಾಗ ನಡುವೆ ಸ್ತಬ್ಧವಾಗುವುದು, ವಿಂಡೋಸ್ ಪದೇ ಪದೇ ಡಿಸ್ಕ್ ಪರೀಕ್ಷೆಗೆ ತೊಡಗುವುದು, ಇವು ಪೂರ್ವಸೂಚನೆಗಳು. ಡಿಸ್ಕು ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯೂ ಉಂಟು. ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಓದಲಾಗದೆ ಬದಲಿಸಲ್ಪಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಅಪಾಯ ಸಮೀಪಿಸಿತೆಂದು ತಿಳಿಯತಕ್ಕದ್ದು. ಆದರೆ ಆ ದಾಖಲೆ ನಿರ್ಮಲವಾಗಿದೆಯೆಂದು ನೆಮ್ಮದಿಯಿಂದಿರುವುದೂ ತರವಲ್ಲ: ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದವುಗಳ ಪೈಕಿ ಮೂರರಲ್ಲೊಂದಕ್ಕಿಂತ ಹೆಚ್ಚಿನವು ಇಂತಹ ಯಾವ ಮುನ್ನೆಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಟಿಕ್ ಟಿಕ್ ಸದ್ದಾಗಲಿ ಕೆರೆಯುವ ಸದ್ದಾಗಲಿ ಕೇಳಿಬಂದರೆ ಲ್ಯಾಪ್‌ಟಾಪನ್ನು ಆರಿಸಿ, ಮತ್ತೆ ಆನ್ ಮಾಡದೆ, ಬಲ್ಲವರ ಬಳಿಗೆ ಒಯ್ಯಬೇಕು. ಸದ್ದಿಲ್ಲದೆ ನಿಧಾನವಷ್ಟೇ ಆಗಿದ್ದರೆ, ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸಿಂಗಿನಲ್ಲಿಟ್ಟು, ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಎಲ್ಲಕ್ಕಿಂತ ಅಮೂಲ್ಯವಾದುದನ್ನು ಎಲ್ಲಕ್ಕಿಂತ ಮೊದಲು ನಕಲಿಸತಕ್ಕದ್ದು. ಸಿನಿಮಾಗಳಿಗೆ ಕೊನೆಯ ಸರದಿ. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿಯೂ ಬೇಕಾದೀತು. ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ತೆರೆಯ ಮೇಲೆ ಬಂದರೆ ಬೇಡವೆನ್ನಿ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಡಿಸ್ಕ್ ಪರೀಕ್ಷೆಯನ್ನು ಓಡಿಸುವುದು ಅನೇಕರ ಸಹಜಪ್ರವೃತ್ತಿ. ಆದರೆ ಅದರ ದುರಸ್ತಿಯೆಂದರೆ ದುರ್ಬಲವಾದ ಡಿಸ್ಕಿನ ಮೇಲೆಯೇ ಮತ್ತೆ ಬರೆಯುವುದು, ಆದ್ದರಿಂದ ಪ್ರತಿ ಕೈಸೇರುವತನಕ ಅದು ವರ್ಜ್ಯ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವ ಹಳೆಯ ಸಲಹೆಯೂ ಹಾಗೆಯೇ, ಏಕೆಂದರೆ ತಣ್ಣಗಾದ ತಟ್ಟೆಯ ಮೇಲೆ ತೇವ ಕೂಡಬಲ್ಲುದು. ಲಿನಕ್ಸ್ ಬಲ್ಲವರಿಗೆ ಡಿಡಿರೆಸ್ಕ್ಯೂ ಎಂಬ ಸಾಧನವುಂಟು. ಆರೋಗ್ಯವಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕಡೆಯಲ್ಲಿ ಮರಳುವ ಅದರ ವಿವೇಕ ನನಗೆ ಅತ್ಯಂತ ಮೆಚ್ಚುಗೆಯಾದುದು.

ಪಶ್ಚಿಮ ಬೆಂಗಳೂರಿನವರಿಗೆ ದುರಸ್ತಿಯ ಅಂಗಡಿಗಳು ಬಡಾವಣೆಯಲ್ಲಿಯೇ ಉಂಟು, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಗೆ ಹೋಗುವುದೂ ವಾಡಿಕೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ನೇರವಾಗಿ ಚಿಕ್ಕಪೇಟೆಯಲ್ಲಿಳಿಯಬಹುದು, ಕೆಂಗೇರಿ, ವಿಜಯನಗರಗಳಿಂದ ಬರುವವರು ಮೆಜೆಸ್ಟಿಕ್ಕಿನಲ್ಲಿ ಬದಲಿಸಬೇಕು. ಅಂಗಡಿಯಲ್ಲಿ “ಡೇಟಾ ಬೇಕಾ ಸಾರ್?” ಎಂದು ಕೇಳುತ್ತಾರೆ. ಈ ಚಿಕ್ಕ ಪ್ರಶ್ನೆಗೆ ಆತುರದ ಉತ್ತರ ಸಲ್ಲದು. ‘ಬೇಡ’ ಎಂದರೆ ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹಾಕಿ, ಹಳೆಯದನ್ನು ಅಲ್ಲಿಯೇ ಇಟ್ಟುಕೊಳ್ಳುವ ಸಂಭವವುಂಟು. ಹಳೆಯ ಡಿಸ್ಕನ್ನು ಕೇಳಿ ಪಡೆಯಿರಿ. ಡೇಟಾ ರಿಕವರಿಗೆ ಕೊಡುವುದಾದರೆ, ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡುವಿರಾ, ಧೂಳಿಲ್ಲದ ಕೊಠಡಿಯುಂಟೆ, ಸಿಗದಿದ್ದರೆ ಶುಲ್ಕವೆಷ್ಟು ಎಂಬ ಮೂರನ್ನು ವಿಚಾರಿಸಿ. ಸಾಮಾನ್ಯ ಮೇಜಿನ ಮೇಲೆ ಮುಚ್ಚಳ ತೆರೆಯಲು ಹೊರಟವರ ಕೈಗೆ ಡಿಸ್ಕನ್ನು ಖಂಡಿತವಾಗಿ ಒಪ್ಪಿಸಬಾರದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳು, ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರರಾಶಿಯಾಗಿ ಕಾಣುತ್ತವೆ. ರಿಕವರಿಯಲ್ಲಿ ಕಡತದ ಹೆಸರೂ ಎಷ್ಟೋ ಬಾರಿ ಅಳಿದಿರುವುದರಿಂದ, ಇದು ಕೆಟ್ಟುಹೋದುದೆಂದು ಭಾವಿಸಿ ಅಳಿಸಿಬಿಡುವ ಅಪಾಯವುಂಟು. ಹಾಗೆ ಕಳೆದ ಕತೆಯೋ ಕುಟುಂಬದ ಇತಿಹಾಸವೋ ಮತ್ತೆ ದೊರೆಯದು. ಆ ಹಳೆಯ ಫಾಂಟನ್ನು ಮತ್ತೆ ಹಾಕಿ ನೋಡಿದರೆ ಬರಹ ಓದಲು ಸಿಕ್ಕೀತು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಲಭ್ಯವಿವೆ.

ಎಸ್‌ಎಸ್‌ಡಿ ಬಂದ ಮೇಲೆ ಈ ಭಯವಿಲ್ಲವೆಂದು ನಂಬಿದವರುಂಟು. ತಿರುಗುವ ತಟ್ಟೆಯಿಲ್ಲದ ಕಾರಣ ಅದು ಪೆಟ್ಟನ್ನು ಹೆಚ್ಚು ಸಹಿಸುವುದು ನಿಜ. ಆದರೆ ಕೆಡುವಾಗ ಅದು ಸದ್ದು ಮಾಡುವುದಿಲ್ಲ, ಎಷ್ಟೋ ವೇಳೆ ಒಮ್ಮೆಲೇ ಕಾಣದಂತಾಗುತ್ತದೆ. ಹಾಗಾಗಿ ಹೊರಗಿನ ಡಿಸ್ಕಿನಲ್ಲೊಂದು, ಮನೆಯಾಚೆ ಇನ್ನೊಂದು ಪ್ರತಿ ಇರಲೇಬೇಕು. ನಕಲಾದ ಕಡತಗಳಲ್ಲಿ ಕೆಲವನ್ನಾದರೂ ತೆರೆದು ನೋಡಿದ ನಂತರವೇ ಹಳೆಯ ಡಿಸ್ಕನ್ನು ಇ-ತ್ಯಾಜ್ಯದ ಅಧಿಕೃತ ಸಂಗ್ರಾಹಕರಿಗೆ ಕೊಡಬಹುದು. ಒಳಗಿನ ಮಾಹಿತಿ ಪರರ ಪಾಲಾಗದಿರಲೆಂದು ಅದನ್ನು ಸುತ್ತಿಗೆಯಿಂದ ಜಜ್ಜುವವರು, ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆಗಳು ಬಹುಮಟ್ಟಿಗೆ ಗಾಜಿನವಾದ್ದರಿಂದ, ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಧರಿಸಿ ಆ ಕೆಲಸಕ್ಕೆ ಕೈಹಾಕತಕ್ಕದ್ದು.